ಹಳೆಯ ಕಂಪ್ಯೂಟರಿಗೆ ನಿಜವಾದ ಭಾರ ಯಾವುದು?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಬೇಕೆಂದರೆ 4 ಜಿಬಿ ರ್‍ಯಾಮ್ ಇದ್ದರಷ್ಟೇ ಸಾಲದು, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಇರಬೇಕು, ಪ್ರೊಸೆಸರ್ ಕೂಡ ಹೆಚ್ಚುಕಡಿಮೆ 2018ರಿಂದ ಈಚಿನದಾಗಿರಬೇಕು. ಹಳೆಯ ಕಂಪ್ಯೂಟರ್ ಹಿಡಿದು ರಿಪೇರಿಗೆಂದು ಹೋದವರಿಗೆ ಅಂಗಡಿಯಲ್ಲಿ ಸಿಗುವ ಉತ್ತರ ಒಂದೇ: "ಇದರ ಕಥೆ ಮುಗೀತು ಸಾರ್, ಹೊಸದು ತಗೊಳ್ಳಿ."

ಕಥೆ ಮುಗಿದಿಲ್ಲ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ, ಲುಬುಂಟು ಅಥವಾ ಲಿನಕ್ಸ್ ಮಿಂಟಿನ ಎಕ್ಸ್‌ಎಫ್‌ಸಿಇ ಆವೃತ್ತಿಯಂಥ ಹಗುರ ಕಾರ್ಯಾಚರಣಾ ವ್ಯವಸ್ಥೆ (ಓಎಸ್) ಹಾಕಿದರೆ, 2 ಜಿಬಿ ರ್‍ಯಾಮಿನ ಯಂತ್ರವೂ ಪತ್ರ ಬರೆಯಲು, ಲೆಕ್ಕ ಇಡಲು ಸಾಕು. ಅದಕ್ಕಿಂತ ಬಡ ಯಂತ್ರಕ್ಕೆ ಆಂಟಿಎಕ್ಸ್ ಇದೆ, ಪೆನ್‌ಡ್ರೈವಿನಿಂದಲೇ ಓಡುವ ಪಪ್ಪಿ ಇದೆ. ಮೆಮೊರಿ ಸಾಲದಾಗ ಜಿರ್‍ಯಾಮ್ ಎಂಬ ಸೌಲಭ್ಯ, ಚೀಲದಲ್ಲಿ ಬಟ್ಟೆ ಒತ್ತಿ ತುಂಬಿದ ಹಾಗೆ, ಮೆಮೊರಿಯಲ್ಲಿರುವುದನ್ನು ಕುಗ್ಗಿಸಿ ಇಡುತ್ತದೆ. ಆದರೆ 32 ಬಿಟ್ ಯಂತ್ರಗಳ ದಾರಿ ಕಿರಿದಾಗುತ್ತಿದೆ. ಉಬುಂಟು 2019ರಲ್ಲೇ ಅವುಗಳ ಕೈಬಿಟ್ಟಿತು. 2025ರ ಡೆಬಿಯನ್ 13 ಅವುಗಳಿಗೆ ಇನ್‌ಸ್ಟಾಲರ್ ಕೊಡಲಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಬ್ರೌಸರ್ ತೆರೆದೊಡನೆ ಯಂತ್ರ ಏದುಸಿರು ಬಿಡುತ್ತದೆ. ಇಂಥ ಡೆಸ್ಕ್‌ಟಾಪಿಗೆ ಕೆಲವು ನೂರು ಎಂಬಿ ಮೆಮೊರಿ ಸಾಕು. ನಾಲ್ಕೈದು ಟ್ಯಾಬ್ ತೆರೆದರೆ ಉಳಿದದ್ದೆಲ್ಲ ಖಾಲಿ. ಬ್ರೌಸರ್ ನುಂಗುವ ಮೆಮೊರಿಯಲ್ಲಿ ಒಂದು ಪಾಲು ನ್ಯಾಯವಾದದ್ದೇ. ಪ್ರೊಸೆಸರುಗಳಲ್ಲಿ ಸ್ಪೆಕ್ಟರ್ ಎಂಬ ದೋಷ ಬಯಲಾದ 2018ರಲ್ಲಿ, ಒಂದು ತಾಣದ ಗುಟ್ಟನ್ನು ಇನ್ನೊಂದು ಕದಿಯದಿರಲೆಂದು ಕ್ರೋಮ್ ಪ್ರತಿ ತಾಣವನ್ನೂ ಬೇರೆ ಬೇರೆ ಪ್ರೊಸೆಸ್‌ನಲ್ಲಿ ಇಡತೊಡಗಿತು. ಭದ್ರತೆಗೆ ತೆತ್ತ ಮೆಮೊರಿ ಅದು. ಆದರೆ ತಾನಾಗಿ ಓಡುವ ವಿಡಿಯೊ, ಜಾಹೀರಾತು, ನಮ್ಮ ಬೆನ್ನು ಹತ್ತುವ ಟ್ರ್ಯಾಕರುಗಳು ಮೆಮೊರಿ ತಿನ್ನುವುದಕ್ಕೆ ಯಾವ ಸಮರ್ಥನೆ ಇದೆ?

ಆದ್ದರಿಂದ ಹಗುರ ಓಎಸ್ ಹುಡುಕುವ ಹೊಣೆಯನ್ನು ಬಳಕೆದಾರನ ತಲೆಗೇ ಕಟ್ಟುವುದು ಅನ್ಯಾಯ; ಸರ್ಕಾರವೂ ಅದನ್ನು ಹೊರಬೇಕು. ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಲಿನಕ್ಸಿನಲ್ಲೇ ಪಾಠ ನಡೆಸುತ್ತಿವೆ. ನಮ್ಮಲ್ಲೂ ಲಿನಕ್ಸ್ ಬೇಡವೆನ್ನಲು ಕನ್ನಡ ಕೀಲಿಮಣೆಯ ನೆಪ ಹೇಳುವಂತಿಲ್ಲ. ಕಗಪ ಎಂಬ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲಿದೆ. ತೊಡಕಿರುವುದು ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಬರೆದ, ಯೂನಿಕೋಡ್ ಅಲ್ಲದ ಹಳೆಯ ಕಡತಗಳಲ್ಲಿ. ಅವನ್ನು ಯೂನಿಕೋಡಿಗೆ ತರುವ ಕೆಲಸ ಇಲಾಖೆಗಳದ್ದು. ಜೊತೆಗೆ ಇನ್ನೊಂದು ಷರತ್ತು ಬೇಕು: ಜನರು ಅರ್ಜಿ ಹಾಕುವ ಯಾವುದೇ ಸರ್ಕಾರಿ ಜಾಲತಾಣ 2 ಜಿಬಿ ರ್‍ಯಾಮಿನ ಕಂಪ್ಯೂಟರಿನಲ್ಲಿ ಸಲೀಸಾಗಿ ತೆರೆದ ಮೇಲೆಯೇ ಅದನ್ನು ಕಟ್ಟಿದ ಗುತ್ತಿಗೆದಾರರ ಬಿಲ್ ಪಾಸಾಗಬೇಕು.