ಕಂಪೆನಿ ಬೆಳೆದರೆ ಸಾಕೇ?

"ಉಸ್ತಾದ್, ಮಗನಿಗೆ ಬೆಂಗಳೂರಲ್ಲಿ ಕೆಲಸ ಆಯಿತು. ಕಂಪೆನಿ ಭಾರೀ ಸ್ಪೀಡಲ್ಲಿ ಬೆಳೆಯುತ್ತಾ ಉಂಟಂತೆ." ಜುಮುಆ ಮುಗಿಸಿ ಹೊರಬರುವಾಗ ಇಂತಹ ಮಾತು ಈಗ ಆಗಾಗ ಕಿವಿಗೆ ಬೀಳುತ್ತದೆ. ಗಲ್ಫ್ ವಿಮಾನ ಹತ್ತುವುದೊಂದೇ ದಾರಿ ಎಂದುಕೊಂಡಿದ್ದ ಮನೆಗಳ ಮಕ್ಕಳು ಇಂದು ಇಲ್ಲಿಯೇ ಲ್ಯಾಪ್‌ಟಾಪ್ ಹಿಡಿದು ದುಡಿಯುತ್ತಿದ್ದಾರೆ. ನಮಗೂ ಸಂತೋಷವೇ.

ಆದರೆ ಕಂಪೆನಿ ಬೆಳೆಯುವುದು ಬೇರೆ, ಅಲ್ಲಿ ದುಡಿಯುವವರ ಬದುಕು ಗಟ್ಟಿಯಾಗುವುದು ಬೇರೆ. ಎರಡೂ ಒಂದೇ ಎಂದು ನಾವು ತಿಳಿದುಕೊಂಡಿದ್ದೇವೆ.

2007ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಫ್ಲಿಪ್‌ಕಾರ್ಟ್‌ನ ದೊಡ್ಡ ಪಾಲನ್ನು 2018ರಲ್ಲಿ ವಾಲ್‌ಮಾರ್ಟ್ 1,600 ಕೋಟಿ ಡಾಲರ್ ಕೊಟ್ಟು ಪಡೆಯಿತು. ಶೇರು ಇಟ್ಟುಕೊಂಡಿದ್ದ ಎಷ್ಟೋ ನೌಕರರ ಕೈಗೆ ಒಳ್ಳೆಯ ದುಡ್ಡು ಬಂತು. ಅದೇ ಬೆಂಗಳೂರಿನ ಬೈಜೂಸ್ 2022ರಲ್ಲಿ 2,200 ಕೋಟಿ ಡಾಲರ್ ಬೆಲೆಯ ಕಂಪೆನಿ ಎನಿಸಿಕೊಂಡಿತ್ತು. ಆ ವರ್ಷವೇ 2,500 ಮಂದಿಯನ್ನು ಕೆಲಸದಿಂದ ಬಿಡಿಸುವುದಾಗಿ ಹೇಳಿತು. 2024ರಲ್ಲಿ ನೌಕರರ ಸಂಬಳ ತಡವಾಯಿತು, ಜುಲೈಯಲ್ಲಿ ದಿವಾಳಿ ಪ್ರಕ್ರಿಯೆಯೇ ಶುರುವಾಯಿತು. ಕೆಲಸಕ್ಕೆ ಸೇರುವ ದಿನ ಎರಡು ಕಡೆಯೂ ಕಂಡದ್ದು ಒಂದೇ ರೀತಿಯ ಉತ್ಸಾಹ.

ಹಾಗಾದರೆ ಹೋಗುವುದೇ ಬೇಡವಾ? ಹೋಗಲಿ, ಕಲಿಯಲಿ. ಬೆಳೆಯುವ ಕಂಪೆನಿಯಲ್ಲಿ ಎರಡು ವರ್ಷದಲ್ಲಿ ಕಲಿಯುವುದನ್ನು ಬೇರೆ ಕಡೆ ಐದು ವರ್ಷ ಇದ್ದರೂ ಕಲಿಯಲಿಕ್ಕೆ ಆಗದಿರಬಹುದು. ಆದರೆ ಕಾಗದ ಓದಿ ಸೇರಲಿ. ವರ್ಷದ ಪ್ಯಾಕೇಜ್ ಎಂದು ಬರೆದ ಮೊತ್ತವೆಲ್ಲ ಕೈಗೆ ಬರುವ ಸಂಬಳ ಅಲ್ಲ. ಕಂಪೆನಿ ಕಟ್ಟುವ ಪಿ.ಎಫ್., ಸಿಗಬಹುದಾದ ಇನ್ಸೆಂಟಿವ್ ಎಲ್ಲ ಅದರಲ್ಲೇ ಸೇರಿರುತ್ತದೆ. ಶೇರು ಕೊಡುತ್ತೇವೆ ಎಂದರೆ, ಸಾಮಾನ್ಯವಾಗಿ ಅದು ಪೂರ್ತಿ ನಮ್ಮದಾಗಲು ನಾಲ್ಕು ವರ್ಷ ಬೇಕು. ಕೊಳ್ಳುವವರು ಸಿಗುವ ತನಕ ಅದು ಬರೀ ಲೆಕ್ಕ. ಸಂಬಳದ ಚೀಟಿಯಲ್ಲಿ ಪಿ.ಎಫ್. ಕಡಿತವಾದರೆ ಸಾಲದು, ಮುಂದಿನ ತಿಂಗಳು 15ರೊಳಗೆ ಅದು ಜಮೆ ಆಗಬೇಕು. ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ತೆರೆದು ನೋಡಬಹುದು.

ಇನ್ನು ಮನೆಯವರ ಮಾತು. ಮಗನ ಮೊದಲ ಸಂಬಳ ಬರುವ ಮೊದಲೇ ಕಾರಿನ ಕಂತು, ತಂಗಿಯ ಮದುವೆಗೆ ದೊಡ್ಡ ಹಾಲ್ ಎಂದು ನಾವು ಲೆಕ್ಕ ಹಾಕಿಬಿಡುತ್ತೇವೆ. ಆಮೇಲೆ ಎರಡು ತಿಂಗಳು ಸಂಬಳ ನಿಂತರೂ ಆ ಹುಡುಗ ಮನೆಯಲ್ಲಿ ಹೇಳುವುದಿಲ್ಲ. ಪಿ.ಜಿ.ಯ ರೂಮಲ್ಲಿ ಕೂತು, ಗೆಳೆಯರಿಂದ ಕೈಸಾಲ ತೆಗೆದು ಮನೆಗೆ ಕಳಿಸುತ್ತಾನೆ. ಕೆಲಸ ಹೋದದ್ದು ಅವನ ತಪ್ಪಲ್ಲ, ಆದರೂ ನಾಚಿಕೆ ಅವನದ್ದಾಗುತ್ತದೆ.

ಗಲ್ಫ್‌ನಲ್ಲಿ ದುಡಿದು ಬಂದ ಉಪ್ಪಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಂಪೆನಿ ಮುಚ್ಚಿ, ಬಾಕಿ ಸಂಬಳವೂ ಸಿಗದೆ ಊರಿಗೆ ಬಂದವರು ನಮ್ಮಲ್ಲೇ ಇದ್ದಾರೆ. ಆ ಅನುಭವವನ್ನು ಮಕ್ಕಳಿಗೆ ಹೇಳೋಣ. ಆರು ತಿಂಗಳ ಖರ್ಚಿನಷ್ಟು ಹಣ ಬದಿಗಿಟ್ಟ ಮೇಲೆಯೇ ಉಳಿದ ಯೋಜನೆ ಮಾಡೋಣ. ಫೋನು ಮಾಡಿದಾಗ ಸಂಬಳ ಎಷ್ಟು ಏರಿತು ಎಂದು ಕೇಳುವ ಮೊದಲು, "ಸಂಬಳ ಸರಿಯಾಗಿ ಬರುತ್ತಾ ಉಂಟಾ ಮೋನೆ?" ಎಂದು ಕೇಳೋಣ. ಇಲ್ಲ ಎನ್ನುವ ಧೈರ್ಯ ಅವನಿಗೆ ನಮ್ಮಿಂದಲೇ ಬರಬೇಕು.