ಗ್ರಂಥಾಲಯದಲ್ಲಿ ಜೆರಾಕ್ಸ್ ನಿಷೇಧವನ್ನು ರದ್ದುಪಡಿಸುವಂತೆ ಮನವಿ ಪತ್ರ

ಮಾನ್ಯ ಕುಲಪತಿಗಳು ಹಾಗೂ ವಿದ್ಯಾವಿಷಯಕ ಪರಿಷತ್ತಿನ ಅಧ್ಯಕ್ಷರ ಸನ್ನಿಧಿಗೆ,

ಬೌದ್ಧಿಕ ಸ್ವತ್ತು ಮತ್ತು ತಂತ್ರಜ್ಞಾನ ಕಾನೂನಿನ ಸ್ನಾತಕೋತ್ತರ ವಿದ್ಯಾರ್ಥಿಗಳ ವಿಜ್ಞಾಪನೆ.

ಮಹನೀಯರೆ,

ಕೃತಿಸ್ವಾಮ್ಯದ ಉಲ್ಲಂಘನೆಯಾಗುವುದೆಂಬ ಕಾರಣವನ್ನೊಡ್ಡಿ, ಗ್ರಂಥಾಲಯದ ಪುಸ್ತಕಗಳಿಂದ ಒಂದು ಪುಟವನ್ನೂ ಜೆರಾಕ್ಸ್ ಮಾಡಿಕೊಳ್ಳಕೂಡದೆಂದು ಹೊರಡಿಸಿರುವ ಸುತ್ತೋಲೆಯನ್ನು (ಲಗತ್ತು 1) ಹಿಂಪಡೆಯಬೇಕೆಂದು ನಾವು ಈ ಮೊದಲು ಸಲ್ಲಿಸಿದ ಮನವಿಗಳಿಗೆ (ಲಗತ್ತು 2) ಸ್ವೀಕೃತಿಯ ಮುದ್ರೆಯೊಂದನ್ನುಳಿದು ಬೇರಾವ ಉತ್ತರವೂ ದೊರೆಯದಿರುವುದರಿಂದಲೂ, ಪರೀಕ್ಷೆಗಳು ಸಮೀಪಿಸಿರುವುದರಿಂದಲೂ, ಇನ್ನು ಸುಮ್ಮನಿರುವುದು ಅಸಾಧ್ಯವಾಗಿ ಈ ವಿಜ್ಞಾಪನೆಯನ್ನು ಸಮರ್ಪಿಸುತ್ತಿದ್ದೇವೆ.

ಬೋಧನೆಯ ಸಂದರ್ಭದಲ್ಲಿ ಅಧ್ಯಾಪಕನಾಗಲಿ ವಿದ್ಯಾರ್ಥಿಯಾಗಲಿ ಕೃತಿಯನ್ನು ಪ್ರತಿ ಮಾಡಿಕೊಂಡರೆ ಅದು ಉಲ್ಲಂಘನೆಯಲ್ಲವೆಂಬ ಕೃತಿಸ್ವಾಮ್ಯ ಅಧಿನಿಯಮ, 1957ರ 52(1)(ಐ) ಪ್ರಕರಣವು ತಮಗೆ ಸುವಿದಿತವೇ ಆಗಿದೆ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ವಿಶ್ವವಿದ್ಯಾಲಯಗಳ ಪ್ರಕಾಶನ ಸಂಸ್ಥೆಗಳೇ ಮೊದಲಾದವು ದೆಹಲಿ ವಿಶ್ವವಿದ್ಯಾಲಯದ ಮೇಲೂ ಅದರ ಆವರಣದ ರಾಮೇಶ್ವರಿ ಜೆರಾಕ್ಸ್ ಅಂಗಡಿಯ ಮೇಲೂ 2012ರಲ್ಲಿ ಹೂಡಿದ ದಾವೆಯಲ್ಲಿ, ದೆಹಲಿ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠವು 2016ರ ಸೆಪ್ಟೆಂಬರ್ 16ರಂದೂ (ಲಗತ್ತು 3), ವಿಭಾಗೀಯ ಪೀಠವು ಡಿಸೆಂಬರ್ 9ರಂದೂ (ಲಗತ್ತು 4) ಈ ವಿಧಿಯನ್ನು ಉದಾರವಾಗಿಯೇ ಅರ್ಥೈಸಿ, ಬೋಧನೆಗೆ ಅಗತ್ಯವಾದಷ್ಟನ್ನು ಪ್ರತಿ ಮಾಡಿಕೊಳ್ಳಲು ಅವಕಾಶವುಂಟೆಂದು ಎತ್ತಿಹಿಡಿದವು. ಮರುವರ್ಷ ಆ ಪ್ರಕಾಶಕರೇ ದಾವೆಯನ್ನು ಹಿಂತೆಗೆದುಕೊಂಡರು. ಈ ತೀರ್ಪುಗಳನ್ನು ನಮಗೆ ತರಗತಿಯಲ್ಲಿ ಬೋಧಿಸುತ್ತಾರೆ, ಪ್ರಶ್ನಪತ್ರಿಕೆಯಲ್ಲಿ ಕೇಳುತ್ತಾರೆ (ಲಗತ್ತು 5). ಗ್ರಂಥಾಲಯದಲ್ಲಿ ಮಾತ್ರ ಅವಕ್ಕೆ ಮನ್ನಣೆಯಿಲ್ಲ. ಪ್ರಕಾಶಕರೇ ಕೈಬಿಟ್ಟ ವಾದವನ್ನು ವಿದ್ಯಾಪೀಠವು ತನ್ನ ವಿದ್ಯಾರ್ಥಿಗಳ ವಿರುದ್ಧ ಹೂಡುವುದು ಎಂತಹ ನ್ಯಾಯವೆಂದು ಗೌರವಪೂರ್ವಕವಾಗಿಯೇ ಕೇಳಬೇಕಾಗಿದೆ. ಒಂದೇ ಪ್ರತಿಯಿರುವ ವಿದೇಶೀ ಗ್ರಂಥವನ್ನು ಹಳ್ಳಿಯಿಂದ ಬಂದು ವಿದ್ಯಾರ್ಥಿನಿಲಯದಲ್ಲಿ ಉಳಿದಿರುವವನು ಕೊಳ್ಳಲಾರನು. ಕೊಳ್ಳಲಾರದವನು ಓದಕೂಡದೆಂದು ಯಾವ ಶಾಸನವೂ ವಿಧಿಸಿಲ್ಲ.

ಆದಕಾರಣ ಸುತ್ತೋಲೆಯ ಕುರಿತೂ, ಅದರೊಡನೆ ನಮ್ಮ ಇತರ ಕೊರತೆಗಳ ಕುರಿತೂ ನಮ್ಮ ಪ್ರಾರ್ಥನೆಗಳು:

1. ಸುತ್ತೋಲೆಯನ್ನು ಕೂಡಲೆ ರದ್ದುಪಡಿಸಿ, 52ನೆಯ ಪ್ರಕರಣಕ್ಕೆ ಅನುಗುಣವಾದ ಲಿಖಿತ ನಿಯಮಗಳನ್ನು ಗ್ರಂಥಾಲಯದಲ್ಲಿ ಪ್ರಕಟಿಸಬೇಕು.

2. ಮಾಹಿತಿ ತಂತ್ರಜ್ಞಾನ ಅಧಿನಿಯಮದ 66ಎ ಪ್ರಕರಣವನ್ನು ಸರ್ವೋಚ್ಚ ನ್ಯಾಯಾಲಯವು 2015ರಲ್ಲಿಯೇ ಅಸಿಂಧುಗೊಳಿಸಿದ್ದರೂ ಪಠ್ಯಕ್ರಮವು ಅದನ್ನು ಚಾಲ್ತಿಯಲ್ಲಿರುವಂತೆಯೇ ಉಳಿಸಿಕೊಂಡಿದೆ. ಪಠ್ಯಕ್ರಮವನ್ನು ತಿದ್ದಿ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವನ್ನು ಸೇರಿಸಬೇಕು.

3. ವಾಚನಾಲಯದ ದೀಪ, ಫ್ಯಾನು, ಕುಡಿಯುವ ನೀರು ಇತ್ಯಾದಿ ಸೌಕರ್ಯಗಳತ್ತ ಅಧಿಕಾರಿಗಳು ಯಥೋಚಿತ ಗಮನ ಹರಿಸಬೇಕು.

4. ಪೇಟೆಂಟ್ ಕಚೇರಿ ವ್ಯವಹಾರಗಳಲ್ಲಿ ತರಬೇತಿ ಪಡೆಯುತ್ತಿದ್ದುದರಿಂದ ಹಾಜರಿ ಕೊರತೆಯಾಗಿರುವ ಅಂತಿಮ ವರ್ಷದ ಕೆಲವರಿಗೆ ಅದನ್ನು ಮನ್ನಿಸಿ, ಈ ಸಲವೇ ಪರೀಕ್ಷೆಗೆ ಕೂರಲು ಅನುಮತಿ ನೀಡಬೇಕು.

ಮೊದಲನೆಯ ಪ್ರಾರ್ಥನೆಯನ್ನು ನಿರಾಕರಿಸುವುದೇ ಆದಲ್ಲಿ, ಯಾವ ವಿಧಿಯ ಆಧಾರದಿಂದ ನಿರಾಕರಿಸಲಾಯಿತೆಂಬುದನ್ನು ಪರೀಕ್ಷೆಗೆ ಮುನ್ನ ಲಿಖಿತವಾಗಿ ತಿಳಿಸಬೇಕು. ಅದೂ ಬಾರದಿದ್ದಲ್ಲಿ ಕುಲಾಧಿಪತಿಗಳಲ್ಲಿ ಮೊರೆಯಿಡುವುದು ನಮಗೆ ಅನಿವಾರ್ಯವಾಗುವುದು.

ಇಂತು ತಮ್ಮ ವಿಧೇಯ,
ಸಹಿ ಮಾಡಿರುವ ವಿದ್ಯಾರ್ಥಿಗಳು