ದ್ರೋಹಿ ಎಂಬ ಚೀಟಿ

1919ರಿಂದ 1921ರವರೆಗೆ ಐರ್ಲೆಂಡಿನ ಜನ ಬ್ರಿಟಿಷರ ವಿರುದ್ಧ ಬಂದೂಕು ಹಿಡಿದರು. ಆ ಹೋರಾಟ ನ್ಯಾಯವಾದದ್ದು. ಅದರೊಳಗೆ ಗೂಢಚಾರರು ಇದ್ದದ್ದೂ ನಿಜ. 1921ರ ಜನವರಿಯಲ್ಲಿ ಕಾರ್ಕ್ ಸೀಮೆಯ ಡ್ರಿಪ್ಸಿಯಲ್ಲಿ ಹೊಂಚು ಕೂತವರ ಸುದ್ದಿಯನ್ನು ಲಿಂಡ್ಸೆ ಎಂಬ ಸಿರಿವಂತ ಹೆಂಗಸು ಸೈನ್ಯಕ್ಕೆ ಮುಟ್ಟಿಸಿದಳು. ಸಿಕ್ಕಿಬಿದ್ದ ಐವರನ್ನು ಬ್ರಿಟಿಷರು ಗುಂಡಿಟ್ಟು ಕೊಂದರು. ಐ.ಆರ್.ಎ. ಅವಳನ್ನೂ ಕೊಂದಿತು.

ಆದರೆ ಮೊನಹನ್ ಸೀಮೆಯ ಕಿಟ್ಟಿ ಕ್ಯಾರಲ್? ಕಳ್ಳಬಟ್ಟಿ ಇಳಿಸಿ ಮುದಿ ತಂದೆತಾಯಿಯನ್ನು ಸಾಕುತ್ತಿದ್ದ ಬಡವಿ. 1921ರ ಏಪ್ರಿಲಿನಲ್ಲಿ ಅವಳನ್ನು ಮನೆಯಿಂದ ಎಳೆದೊಯ್ದು ಕೊಂದು, ಹೆಣಕ್ಕೆ 'ಗೂಢಚಾರಿ' ಅಂತ ಚೀಟಿ ಅಂಟಿಸಿದರು. ಹೆಂಗಸರನ್ನು ಕೊಲ್ಲಕೂಡದೆಂದು ಐ.ಆರ್.ಎ. ಕೇಂದ್ರದ ಆಜ್ಞೆಯೇ ಇತ್ತು! ಆ ಆರೋಪವನ್ನು ಅನೇಕ ಇತಿಹಾಸಕಾರರು ಈಗ ನಂಬುವುದಿಲ್ಲ. ಹಾಗೆ ಸತ್ತವರಲ್ಲಿ ಮಾಜಿ ಸಿಪಾಯಿಗಳು, ಅಲೆಮಾರಿಗಳು ಕೂಡ ಇದ್ದರು.

1947ರಿಂದ 1957ರವರೆಗೆ ಅಲ್ಲಿನ ಸರ್ಕಾರ 1,773 ಸಾಕ್ಷಿಗಳ ಹೇಳಿಕೆ ಬರೆಸಿಕೊಂಡು ಬೀಗ ಹಾಕಿತು. ಬೀಗ ತೆಗೆದದ್ದು 2003ರಲ್ಲಿ. ಅಲ್ಲಿ ಗುಂಡು ಹೊಡೆದವರು ಮಾತಾಡುತ್ತಾರೆ, ಗುಂಡು ತಿಂದವರಿಗೆ ಬಾಯಿಲ್ಲ. ಅದಕ್ಕೇ ಸಂಶೋಧಕರು ಪೊಲೀಸು ಕಡತ, ಸತ್ತವರ ಮನೆಯವರ ಪರಿಹಾರದ ಅರ್ಜಿ ಎಲ್ಲವನ್ನೂ ಪಕ್ಕದಲ್ಲಿಟ್ಟು ಓದಬೇಕಾಗಿದೆ.

ಊರಲ್ಲಿ ಕಳ್ಳತನವಾದರೆ ಪೊಲೀಸರು ಮೊದಲು ಯಾವ ಕೇರಿಗೆ ನುಗ್ಗುತ್ತಾರೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಹಿಂದೆಮುಂದೆ ಯಾರೂ ಇಲ್ಲದವನ ಮೇಲೆ ಅನುಮಾನ ಬೇಗ ಕೂರುತ್ತದೆ. ನಮ್ಮ ನಡುವೆಯೂ ಒಬ್ಬನನ್ನು 'ದ್ರೋಹಿ' ಅನ್ನುವ ಮೊದಲು ಪುರಾವೆ ಕೇಳೋಣ. ಪುರಾವೆ ಕೇಳುವುದು ದ್ರೋಹವಲ್ಲ.